ಕಲ್ಲಾದ ಮರ ಕೆಡುತ್ತಿದೆಯಾ? ಕತ್ತರಿಸದೆ, ಕೆರೆಯದೆ ಕಾರಣ ಹುಡುಕುವ ಬಗೆ

ಮರದ ಪಳೆಯುಳಿಕೆ ಎಂದರೆ ಕಲ್ಲು, ಕಲ್ಲಿಗೆ ಏನಾಗುತ್ತೆ ಎಂದುಕೊಂಡು ಬೀರುವಿನಲ್ಲಿಟ್ಟು ಮರೆಯುವವರೇ ಜಾಸ್ತಿ. ಒಂದು ಮಳೆಗಾಲ ಕಳೆದು ಬಾಗಿಲು ತೆಗೆದಾಗ ಪುಡಿ ಕಾಣುತ್ತದೆ. ಕೂಡಲೇ ತೊಳೆಯುತ್ತಾರೆ, ಅಂಟು ಹಚ್ಚುತ್ತಾರೆ. ಅಲ್ಲಿಗೆ ಕಾರಣ ಹೇಳಬಹುದಾಗಿದ್ದ ಗುರುತೆಲ್ಲ ಅಳಿಸಿಹೋಗುತ್ತದೆ.

ಈ ಬರಹ ಕಾಲೇಜಿನ ಭೂವಿಜ್ಞಾನ ವಿಭಾಗದ ಸಂಗ್ರಹವನ್ನೋ ಸಣ್ಣ ಮ್ಯೂಸಿಯಂ ಒಂದನ್ನೋ ನೋಡಿಕೊಳ್ಳುವವರಿಗಾಗಿ. ನಾನು ಮತ್ತೆ ಮತ್ತೆ ಹೇಳುವ ಮಾತು ಒಂದೇ: ಮೊದಲು ನೋಡಿ, ಆಮೇಲೆ ಮುಟ್ಟಿ. ದುಡ್ಡು ಕೊಟ್ಟು ಸ್ಕ್ಯಾನ್ ಮಾಡಿಸುವ ಮುಂಚೆ, ಸ್ಕ್ಯಾನ್‌ನಿಂದ ಯಾವ ಪ್ರಶ್ನೆಗೆ ಉತ್ತರ ಬೇಕು ಎಂದು ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ಆ ಸಾಲು ಬರೆಯಲಾಗದಿದ್ದರೆ ಸ್ಕ್ಯಾನ್ ಇನ್ನೂ ಬೇಡ.

ಶುರು ಮಾಡುವ ಮುಂಚೆ: ಇದು ಯಾವ ಬಗೆಯ ಮರ?

ಎಲ್ಲ ಪಳೆಯುಳಿಕೆ ಮರವೂ ಒಂದೇ ಥರ ಕೆಡುವುದಿಲ್ಲ. ತಮಿಳುನಾಡಿನ ತಿರುವಕ್ಕರೈ, ಜೈಸಲ್ಮೇರ್ ಹತ್ತಿರದ ಆಕಲ್, ಮಧ್ಯಪ್ರದೇಶದ ಘುಘುವಾ, ಇಲ್ಲೆಲ್ಲ ಸಿಗುವುದು ಸಿಲಿಕಾ, ಅಂದರೆ ಮರಳಿನಲ್ಲಿರುವ ಖನಿಜ, ತುಂಬಿ ಕಲ್ಲಾದ ಮರ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ನೀವು ನೋಡಿರಬಹುದಾದ ಕಲ್ಲಿನ ಕಾಂಡವೂ ತಿರುವಕ್ಕರೈನದೇ, ಸುಮಾರು 2 ಕೋಟಿ ವರ್ಷ ಹಳೆಯದು. ಈ ಬಗೆ ಗಟ್ಟಿ. ಸುಣ್ಣದ ಅಂಶ, ಅಂದರೆ ಕ್ಯಾಲ್ಸೈಟ್ ತುಂಬಿದ ಮರ ಅಷ್ಟು ಗಟ್ಟಿಯಲ್ಲ, ಆಮ್ಲ ತಾಕಿದರೆ ಕರಗುತ್ತದೆ. ಪೈರೈಟ್ ತುಂಬಿದ ಮರ ನೋಡಲು ಲೋಹದ ಹಾಗೆ ಹೊಳೆಯುತ್ತದೆ, ಆದರೆ ಎಲ್ಲಕ್ಕಿಂತ ಬೇಗ ಹಾಳಾಗುವುದು ಅದೇ. ಇನ್ನೊಂದು ಲಿಗ್ನೈಟ್ ಬಗೆ. ಇದು ಪೂರ್ತಿ ಕಲ್ಲಾಗಿರುವುದಿಲ್ಲ. ಕಪ್ಪಗೆ, ಹಗುರಾಗಿ, ಇನ್ನೂ ಮರದ ಗುಣ ಉಳಿಸಿಕೊಂಡಿರುತ್ತದೆ.

ಲೇಬಲ್ ಇಲ್ಲದಿದ್ದರೆ ತೂಕದಿಂದ ಅಂದಾಜು ಮಾಡಬಹುದು. ಸಾಮಾನ್ಯವಾಗಿ ನೀರಿನಲ್ಲಿ ಮುಳುಗಿಸಿ ಅಳೆಯುತ್ತಾರೆ. ಇಲ್ಲಿ ಅದು ಬೇಡ, ಒಳಗೆ ಪೈರೈಟ್ ಇದ್ದರೆ ಆ ನೀರೇ ಮುಂದೆ ಮುಳುವಾಗುತ್ತದೆ. ಅದರ ಬದಲು ಮೊಬೈಲಿನಲ್ಲಿ ಸುತ್ತಲಿಂದ ನೂರರಷ್ಟು ಫೋಟೋ ತೆಗೆದು, ಫೋಟೋಗ್ರಾಮೆಟ್ರಿ ತಂತ್ರಾಂಶದಲ್ಲಿ ಮೂರು ಆಯಾಮದ ಮಾದರಿ ಮಾಡಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟಿದ್ದರೆ ಮಾದರಿಯಿಂದ ಗಾತ್ರ ಸಿಗುತ್ತದೆ. ತೂಕವನ್ನು ಗಾತ್ರದಿಂದ ಭಾಗಿಸಿ. ಘನ ಸೆಂಟಿಮೀಟರಿಗೆ 2.6 ಗ್ರಾಂ ಆಸುಪಾಸು ಬಂದರೆ ಸ್ಫಟಿಕಶಿಲೆ (ಹರಳುಗಟ್ಟಿದ ಸಿಲಿಕಾ) ಅಥವಾ ಕ್ಯಾಲ್ಸೈಟ್. 2ರ ಹತ್ತಿರ ಬಂದರೆ ಓಪಲ್, ಅಂದರೆ ನೀರಿನ ಅಂಶ ಸೇರಿದ ಸಿಲಿಕಾ. 3 ದಾಟಿದರೆ ಒಳಗೆ ಪೈರೈಟ್‌ನಂಥ ಭಾರದ ಖನಿಜ ಇದೆ ಎಂದು ಅನುಮಾನಪಡಿ. ಶುದ್ಧ ಪೈರೈಟ್ 5ರಷ್ಟಿರುತ್ತದೆ. 1.5ಕ್ಕಿಂತ ಕಡಿಮೆ ಇದ್ದರೆ ಬಹುತೇಕ ಲಿಗ್ನೈಟ್. ಕಂಪ್ಯೂಟರಿನಲ್ಲಿರುವ ಈ ಮೂರು ಆಯಾಮದ ಮಾದರಿಯನ್ನು ಅಳಿಸಬೇಡಿ. ಮುಂದೆ ಬಿರುಕು ಬೆಳೆದಿದೆಯೇ ಎಂದು ಹೋಲಿಸಲು ಇದೇ ಬೇಕಾಗುತ್ತದೆ.

ಡ್ರಾಯರಿನಲ್ಲಿ ಪುಡಿ, ಗಂಧಕದ ವಾಸನೆ, ಸುಟ್ಟಂತಾದ ಲೇಬಲ್

ಈ ಮೂರೂ ಒಟ್ಟಿಗೆ ಕಂಡರೆ ಪೈರೈಟ್ ಕೊಳೆತ ಎಂದೇ ತಿಳಿಯಿರಿ. ಪೈರೈಟ್ ಎಂದರೆ ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ. ಗಾಳಿಯ ಆಮ್ಲಜನಕ ಮತ್ತು ತೇವ ಎರಡೂ ತಾಕಿದಾಗ ಅದು ಕಬ್ಬಿಣದ ಸಲ್ಫೇಟ್ ಆಗುತ್ತದೆ, ಜೊತೆಗೆ ಸಲ್ಫ್ಯೂರಿಕ್ ಆಮ್ಲವೂ ಹುಟ್ಟುತ್ತದೆ. ಸಲ್ಫೇಟಿಗೆ ಮೂಲ ಖನಿಜಕ್ಕಿಂತ ಜಾಸ್ತಿ ಜಾಗ ಬೇಕು. ಹಾಗಾಗಿ ಮರ ಒಳಗಿನಿಂದಲೇ ಸೀಳುತ್ತದೆ. ಆಮ್ಲ ಲೇಬಲ್ಲು, ರಟ್ಟಿನ ಪೆಟ್ಟಿಗೆ, ಪಕ್ಕದ ಮಾದರಿ ಯಾವುದನ್ನೂ ಬಿಡುವುದಿಲ್ಲ.

ಮೊದಲ ಪರೀಕ್ಷೆ ಕಣ್ಣಿನದು. ಪುಡಿ ಬಿಳಿ, ಬೂದು, ಹಳದಿ ಅಥವಾ ತಿಳಿ ಹಸಿರು ಇರಬಹುದು. ಮಾದರಿಯ ಮೇಲಿನ ಪುಡಿಯನ್ನು ಕೆರೆಯಬೇಡಿ. ಕೆಳಗೆ ಉದುರಿದ್ದನ್ನು ಚಿಟಿಕೆಯಷ್ಟು ಗಾಜಿನ ತಟ್ಟೆಗೆ ಹಾಕಿ, ಎರಡು ಹನಿ ಡಿಸ್ಟಿಲ್ಡ್ ವಾಟರ್ ಬಿಟ್ಟು, ಹುಳಿ ಎಷ್ಟಿದೆ ಎಂದು ತೋರಿಸುವ ಪಿಎಚ್ ಪಟ್ಟಿ ಅದ್ದಿ (7 ಎಂದರೆ ಹುಳಿ ಇಲ್ಲ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ). ಅದು 3 ಅಥವಾ ಅದಕ್ಕಿಂತ ಕೆಳಗೆ ತೋರಿಸಿದರೆ ಬೇರೆ ಸಾಕ್ಷಿ ಬೇಕಿಲ್ಲ. ಕೈಗೆ ನೈಟ್ರೈಲ್ ಗ್ಲೌಸ್, ಮೂಗಿಗೆ ಮಾಸ್ಕ್ ಇರಲೇಬೇಕು. ಆ ಪುಡಿ ಚರ್ಮಕ್ಕೂ ಶ್ವಾಸಕೋಶಕ್ಕೂ ಒಳ್ಳೆಯದಲ್ಲ.

ಆಮೇಲೆ ಬೀರುವಿನೊಳಗೆ ಗಾಳಿಯ ತೇವ ಅಳೆಯುವ ಒಂದು ಹೈಗ್ರೋಮೀಟರ್ ಇಡಿ. ತೇವಾಂಶ ಶೇ 60 ದಾಟಿದರೆ ಈ ಕೊಳೆತ ಜೋರಾಗುತ್ತದೆ. ಮಂಗಳೂರು, ಕಾರವಾರದ ಕಡೆ ಮಳೆಗಾಲದಲ್ಲಿ ಶೇ 85 ದಾಟುವುದು ಸಾಮಾನ್ಯ. ಅಲ್ಲಿ ತೆರೆದ ಷೋಕೇಸ್‌ನಲ್ಲಿ ಪೈರೈಟ್ ಮರ ಇಡುವುದೆಂದರೆ ಅದನ್ನು ಕೈಯಾರೆ ಕಳೆದುಕೊಂಡಂತೆ.

ಕೊಳೆತ ಖಚಿತವಾದ ಕೂಡಲೇ ಮಾದರಿಯನ್ನು ಬೇರೆ ಮಾಡಿ. ಲೇಬಲ್‌ನ ಫೋಟೋ ತೆಗೆದು, ಅದನ್ನು ಪ್ರತ್ಯೇಕ ಪ್ಲಾಸ್ಟಿಕ್ ಚೀಲದಲ್ಲಿಡಿ. ಲೇಬಲ್ ಹೋದರೆ ಮಾದರಿಯ ಅರ್ಧ ಬೆಲೆ ಹೋಯಿತು. ಮರವನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಒಣಗಿಸಿದ ಸಿಲಿಕಾ ಜೆಲ್ ಜೊತೆ ಇಡಿ. ಗುರಿ ಶೇ 30ರ ಹತ್ತಿರ. ತೊಳೆಯಬೇಡಿ, ಎಣ್ಣೆ ಸವರಬೇಡಿ.

ಇಲ್ಲೊಂದು ತೊಡಕಿದೆ. ಲಿಗ್ನೈಟ್ ಮರದೊಳಗೂ ಪೈರೈಟ್ ಇರುತ್ತದೆ. ಪೈರೈಟಿಗೆ ಒಣಗಾಳಿ ಬೇಕು, ಲಿಗ್ನೈಟಿಗೆ ಅದೇ ಒಣಗಾಳಿ ಕಂಟಕ, ಕುಗ್ಗಿ ಬಿರಿಯುತ್ತದೆ. ಇಂಥ ಮಾದರಿಗೆ ತೇವ ತೆಗೆಯುವ ಬದಲು ಆಮ್ಲಜನಕ ತೆಗೆಯುವುದು ಸರಿಯಾದ ದಾರಿ. ಗಾಳಿ ನುಗ್ಗದ ವಿಶೇಷ ಹಾಳೆಯ ಚೀಲದಲ್ಲಿ ಆಮ್ಲಜನಕ ಹೀರುವ ಪೊಟ್ಟಣ ಹಾಕಿ ಸೀಲ್ ಮಾಡುತ್ತಾರೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಪೈರೈಟ್ ಮಾದರಿಗಳಿಗೆ ಈ ವಿಧಾನ ಬಳಸುತ್ತದೆ. ಪೊಟ್ಟಣದಲ್ಲಿ ಎರಡು ಬಗೆ: ತೇವವನ್ನೂ ಹೀರುವುದು ಒಂದು, ತೇವವನ್ನು ಹಾಗೇ ಬಿಡುವುದು ಇನ್ನೊಂದು. ಲಿಗ್ನೈಟಿಗೆ ಬೇಕಾದದ್ದು ಎರಡನೆಯದು. ಕೊಳ್ಳುವಾಗ ಕೇಳಿ ಖಚಿತ ಮಾಡಿಕೊಳ್ಳಿ.

ಎಕ್ಸ್‌ರೇ ಬೇಕಾಗುವುದು ಈಗ. ಪ್ರಶ್ನೆ ಸ್ಪಷ್ಟ: ಕೊಳೆತ ಮೇಲ್ಮೈಯಲ್ಲಿ ಮಾತ್ರ ಇದೆಯಾ, ಒಳಗೂ ಹೋಗಿದೆಯಾ? ಸಾದಾ ಎಕ್ಸ್‌ರೇ ಚಿತ್ರದಲ್ಲಿ ಗಟ್ಟಿ ಪೈರೈಟ್ ಬೆಳ್ಳಗೆ ಹೊಳೆಯುವ ಚುಕ್ಕೆ, ಗೆರೆಗಳಾಗಿ ಕಾಣುತ್ತದೆ. ಆ ಬಿಳುಪಿನ ಸುತ್ತ ಕೂದಲೆಳೆಯಂಥ ಕಪ್ಪು ಗೆರೆಗಳಿದ್ದರೆ ಅವು ಬಿರುಕುಗಳು. ಬಿಳುಪಿನ ಅಂಚು ಮಸುಕಾಗಿ ಹರಡಿದ್ದರೆ ಅಲ್ಲಿ ಪೈರೈಟ್ ಆಗಲೇ ಸಲ್ಫೇಟ್ ಆಗಿರಬಹುದು. ಹೊರಗೆ ಒಂದು ಚೂರೂ ಪುಡಿಯಿಲ್ಲದ ಮಾದರಿ ಒಳಗೆ ಹೀಗಿರುವುದುಂಟು. ಹಾಗಾಗಿ ಒಂದೇ ಜಾಗದಿಂದ ಬಂದ ಮಾದರಿಗಳಲ್ಲಿ ಒಂದು ಕೆಟ್ಟರೆ ಉಳಿದವಕ್ಕೂ ಎಕ್ಸ್‌ರೇ ತೆಗೆಸುವುದು ವ್ಯರ್ಥವಲ್ಲ.

ಎತ್ತಿದರೆ ಚೂರು ಉದುರುತ್ತದೆ ಅನ್ನಿಸಿದರೆ ಎತ್ತಬೇಡಿ. ಅಡಿಗೆ ತೆಳುವಾದ ಹಲಗೆ ಜಾರಿಸಿ, ಹಲಗೆ ಸಮೇತ ಸಾಗಿಸಿ, ಸಂರಕ್ಷಣಾ ತಜ್ಞರನ್ನು ಕರೆಸಿ. ಆಮ್ಲವನ್ನು ಶಮನ ಮಾಡಲು ಅಮೋನಿಯಾ ಹಬೆ, ಎಥನಾಲಮೈನ್ ಥಯೋಗ್ಲೈಕೊಲೇಟ್ ಬಳಸುವ ಚಿಕಿತ್ಸೆಗಳಿವೆ. ಅವು ವಿಷದ ಆವಿಯನ್ನು ಹೊರಗೆಳೆಯುವ ಹೊಗೆಗೂಡು ಇರುವ ಪ್ರಯೋಗಾಲಯದ ಕೆಲಸ, ಸ್ಟೋರ್ ರೂಮಿನಲ್ಲಿ ಮಾಡುವಂಥದ್ದಲ್ಲ.

ಬಿಳಿ ಪುಡಿ ಇದೆ, ಆದರೆ ವಾಸನೆಯೂ ಇಲ್ಲ, ಹುಳಿಯೂ ಇಲ್ಲ

ಪಿಎಚ್ 6, 7 ಬಂದರೆ ಗಾಬರಿ ಬೇಡ, ಇದು ಬಹುತೇಕ ಉಪ್ಪು. ಹೊರಾಂಗಣದಲ್ಲಿ ಸಿಮೆಂಟ್ ಪೀಠದ ಮೇಲೆ ನಿಲ್ಲಿಸಿದ ಕಾಂಡಗಳಲ್ಲಿ ಇದು ಜಾಸ್ತಿ. ಸಿಮೆಂಟಿನಿಂದಲೂ ನೆಲದಿಂದಲೂ ತೇವ ಮೇಲೇರುವಾಗ ಉಪ್ಪನ್ನೂ ಹೊತ್ತು ತರುತ್ತದೆ. ನೀರು ಆರಿ ಉಪ್ಪು ಹರಳುಗಟ್ಟುತ್ತದೆ. ಪುಡಿ ಬುಡದಲ್ಲಿ ಮಾತ್ರ ಇದೆಯಾ ನೋಡಿ. ಇದ್ದರೆ ದೋಷ ಪೀಠದ್ದು, ಮರದ್ದಲ್ಲ. ನಡುವೆ ಸೀಸದ ಹಾಳೆ ಅಥವಾ ನೀರು ದಾಟದ ಪದರ ಹಾಕಿಸಿ.

ಕ್ಯಾಲ್ಸೈಟ್ ಮರಕ್ಕೆ ಇನ್ನೊಂದು ಶತ್ರು ಇದೆ. ಹೊಸ ಪ್ಲೈವುಡ್, ಎಂಡಿಎಫ್ ಬೀರುಗಳಿಂದ ಹೊರಡುವ ಅಸಿಟಿಕ್, ಫಾರ್ಮಿಕ್ ಆಮ್ಲದ ಆವಿ. ಬೀರು ತೆಗೆದ ಕೂಡಲೇ ಹುಳಿ ವಾಸನೆ ಮೂಗಿಗೆ ಬಡಿದರೆ ಮಾದರಿಯನ್ನು ಸ್ಟೀಲ್ ಬೀರುವಿಗೆ ಸಾಗಿಸಿ. ಈ ಎರಡಕ್ಕೂ ಎಕ್ಸ್‌ರೇ ಬೇಕಿಲ್ಲ.

ಬಿರುಕು ಬೆಳೆಯುತ್ತಿದೆ ಎಂಬ ಅನುಮಾನ

ಅನುಮಾನ ಎಂದೆ, ಯಾಕೆಂದರೆ ನೆನಪನ್ನು ನಂಬಿ ಹೇಳುವುದು ಕಷ್ಟ. ಕೋಣೆ ಕತ್ತಲೆ ಮಾಡಿ, ಟಾರ್ಚ್ ಅನ್ನು ಮಾದರಿಗೆ ಅಡ್ಡಲಾಗಿ, ಮೇಲ್ಮೈಗೆ ತಾಗುವಷ್ಟು ತಗ್ಗಿಸಿ ಹಿಡಿಯಿರಿ. ಮೇಲಿನಿಂದ ಕಾಣದ ಬಿರುಕು ಈ ಓರೆ ಬೆಳಕಿನಲ್ಲಿ ನೆರಳಾಗಿ ಎದ್ದು ಕಾಣುತ್ತದೆ. ಬೆಳಕನ್ನು ನಾಲ್ಕೂ ದಿಕ್ಕಿಗೆ ಸರಿಸುತ್ತಾ ಫೋಟೋ ತೆಗೆಯಿರಿ, ಕ್ಯಾಮೆರಾ ಅಲುಗಬಾರದು. ಬಿರುಕಿನ ತುದಿಯನ್ನು ಮಾದರಿಯ ಮೇಲೆ ಪೆನ್ಸಿಲ್‌ನಿಂದ ಗುರುತಿಸುವ ಹಳೆಯ ರೂಢಿ ಬಿಡಿ. ಫೋಟೋದ ಮೇಲೆ ಗುರುತು ಹಾಕಿದರೆ ಸಾಕು.

ಬಿರುಕೊಳಗೆ ಧೂಳು ಕೂತಿದೆಯಾ, ಒಳಮೈ ಹೊಸದಾಗಿ ಹೊಳೆಯುತ್ತದೆಯಾ? ಧೂಳಿದ್ದರೆ ಹಳೆಯದು. ಹರಳು ತುಂಬಿ ಮುಚ್ಚಿದ್ದರೆ ಅದು ಲಕ್ಷಾಂತರ ವರ್ಷದ ಹಿಂದಿನ ಬಿರುಕು, ಮರ ಕಲ್ಲಾಗುವಾಗಲೇ ಆದದ್ದು. ಅದನ್ನು ರಿಪೇರಿ ಮಾಡಹೊರಟರೆ ಪಳೆಯುಳಿಕೆಯ ಚರಿತ್ರೆಯನ್ನೇ ಅಂಟಿನಡಿ ಹೂತಂತೆ.

ತಮಿಳುನಾಡಿನ ಸಾತನೂರಿನಲ್ಲಿ ಮಲಗಿರುವ 18 ಮೀಟರ್ ಉದ್ದದ ಕಾಂಡದಂಥವನ್ನು ಯಾವ ಯಂತ್ರದೊಳಗೂ ಇಡಲಾಗುವುದಿಲ್ಲ. ಇಂಥವಕ್ಕೆ ಥರ್ಮಲ್ ಕ್ಯಾಮೆರಾ ಉಪಯೋಗಕ್ಕೆ ಬರುತ್ತದೆ. ಬೆಳಗ್ಗೆ ಬಿಸಿಲು ಬಿದ್ದು ಕಲ್ಲು ಬಿಸಿಯಾಗುವಾಗ ಚಿತ್ರ ತೆಗೆಯಿರಿ. ಮೇಲ್ಪದರ ಒಳಗಿನಿಂದ ಬಿಟ್ಟುಕೊಂಡ ಕಡೆ ನಡುವೆ ಗಾಳಿ ಇರುತ್ತದೆ, ಶಾಖ ಒಳಗೆ ಇಳಿಯುವುದಿಲ್ಲ. ಆ ಜಾಗ ಸುತ್ತಲಿಗಿಂತ ಬೇಗ ಬಿಸಿಯಾಗಿ ಬೇರೆಯಾಗಿ ಕಾಣುತ್ತದೆ. ಒದ್ದೆ ಜಾಗ ತಣ್ಣಗೆ ಕಾಣುತ್ತದೆ. ಅಲ್ಟ್ರಾಸೌಂಡ್ ಕೂಡ ಒಂದು ದಾರಿ. ಗಟ್ಟಿ ಸಿಲಿಕಾದಲ್ಲಿ ಧ್ವನಿ ಸೆಕೆಂಡಿಗೆ 5 ಕಿಲೋಮೀಟರ್‌ಗಿಂತ ಜಾಸ್ತಿ ವೇಗದಲ್ಲಿ ಸಾಗುತ್ತದೆ. ಬಿರುಕು ಅಡ್ಡ ಬಂದರೆ ವೇಗ ಇಳಿಯುತ್ತದೆ. ಆದರೆ ಅದರ ತಲೆಗೆ ಹಚ್ಚುವ ಜೆಲ್ ಕಲ್ಲಿಗೆ ಕಲೆ ಮಾಡುತ್ತದೆ. ನಡುವೆ ತೆಳು ಪ್ಲಾಸ್ಟಿಕ್ ಹಾಳೆ ಇಡಲು ಹೇಳಿ.

ಅಲುಗಿಸಿದರೆ ಸದ್ದು ಬರುವ ದೊಡ್ಡ ತುಂಡು ಜನ ಓಡಾಡುವ ಕಡೆ ಇದ್ದರೆ ಪರೀಕ್ಷೆಗೆ ಕಾಯಬೇಡಿ. ಹಗ್ಗ ಕಟ್ಟಿ ದಾರಿ ಮುಚ್ಚಿ, ಆಮೇಲೆ ಉಳಿದದ್ದು.

ಒಂದು ಕಡೆ ಮಾತ್ರ ಹೊಳಪು, ಜಿಗುಟು, ಅಥವಾ ಹಳದಿ ಬಣ್ಣ

ಇದು ಮರದ ರೋಗವಲ್ಲ, ಹಿಂದಿನವರು ಮಾಡಿದ ರಿಪೇರಿ. 365 ನ್ಯಾನೋಮೀಟರಿನ ಯುವಿ ಟಾರ್ಚ್ ತನ್ನಿ, ಹೆಚ್ಚು ದುಡ್ಡಿನದಲ್ಲ. ಕಣ್ಣಿಗೆ ಯುವಿ ಕನ್ನಡಕ ಹಾಕಿಕೊಂಡು ಕತ್ತಲೆಯಲ್ಲಿ ನೋಡಿ. ಅರಗಿನ ವಾರ್ನಿಷ್ ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತದೆ. ಪ್ರಾಣಿಜನ್ಯ ಅಂಟು ಮತ್ತು ಎಪಾಕ್ಸಿ ನೀಲಿ ಬೆರೆತ ಹಾಲುಬಿಳಿ. ಸ್ಫಟಿಕಶಿಲೆ ಬಹುತೇಕ ಕಪ್ಪಾಗಿಯೇ ಉಳಿಯುತ್ತದೆ. ಹೊಳಪು ಬಿರುಕಿನ ಗುಂಟ ಗೆರೆಯಾಗಿ ಹೋದರೆ ಅಲ್ಲಿ ಮುರಿದು ಅಂಟಿಸಿದ್ದಾರೆ. ತೊಗಟೆಯ ಗೆರೆಗಳು ಹೊಂದದ ಕಡೆ ಹೀಗೆ ಹೊಳೆದರೆ, ಎರಡು ಬೇರೆ ಮರಗಳ ತುಂಡು ಸೇರಿಸಿರಬಹುದು. ಮಾರಾಟಕ್ಕೆ ಬರುವ ಮಾದರಿಗಳಲ್ಲಿ ಇದನ್ನು ತಪ್ಪದೆ ನೋಡಿ.

ಬಣ್ಣ ನೋಡಿದ ಮಾತ್ರಕ್ಕೆ ಅಂಟಿನ ಹೆಸರು ಹೇಳಿಬಿಡಬೇಡಿ, ಹಳೆಯದಾದಂತೆ ಬಣ್ಣ ಬದಲಾಗುತ್ತದೆ. ಕ್ಯಾಲ್ಸೈಟ್ ತಾನಾಗಿಯೇ ಹೊಳೆಯುವುದೂ ಉಂಟು. ಓಪಲ್ ಕಡು ಹಸಿರು ಹೊಳೆದರೆ ಅದರಲ್ಲಿ ಯುರೇನಿಯಂ ಅಂಶ ಇರಬಹುದು, ಕೊನೆಯ ಭಾಗ ಓದಿ. ಅಂಟು ತೆಗೆಯಲು ಅಸಿಟೋನ್ ಹಿಡಿದು ಹೊರಡಬೇಡಿ. ಕೆಲವೊಮ್ಮೆ ಮಾದರಿಯನ್ನು ಹಿಡಿದು ನಿಲ್ಲಿಸಿರುವುದೇ ಆ ಅಂಟು.

ಸಿಟಿ ಸ್ಕ್ಯಾನ್ ಮಾಡಿಸಿದೆವು, ಏನೂ ಕಾಣುತ್ತಿಲ್ಲ

ಅತಿ ಹೆಚ್ಚು ಕೇಳಿಬರುವ ದೂರು ಇದು. ಬಹುತೇಕ ಸಲ ಯಂತ್ರ ಸರಿಯಾಗಿಯೇ ಇರುತ್ತದೆ.

ಎಕ್ಸ್‌ರೇ ನೋಡುವುದು ಸಾಂದ್ರತೆ ಮತ್ತು ಪರಮಾಣುವಿನ ಭಾರದ ವ್ಯತ್ಯಾಸವನ್ನು. ಸಿಲಿಕಾ ತುಂಬಿದ ಮರದಲ್ಲಿ ಜೀವಕೋಶದ ಗೋಡೆಯೂ ಸಿಲಿಕಾ, ಒಳಗಿನ ಟೊಳ್ಳೂ ಸಿಲಿಕಾ. ಎರಡೂ ಒಂದೇ ಬೂದು ಬಣ್ಣಕ್ಕೆ ಬರುತ್ತವೆ. ಎಷ್ಟು ದುಬಾರಿ ಯಂತ್ರ ತಂದರೂ ಇಲ್ಲದ ವ್ಯತ್ಯಾಸವನ್ನು ಅದು ತೋರಿಸಲಾರದು. ಗೋಡೆಯಲ್ಲಿ ಸ್ವಲ್ಪ ಇಂಗಾಲ ಉಳಿದಿದ್ದರೆ, ಅಥವಾ ಟೊಳ್ಳಿನಲ್ಲಿ ಕ್ಯಾಲ್ಸೈಟ್ ಇದ್ದರೆ ಕಾಣುತ್ತದೆ. ಕ್ಯಾಲ್ಸೈಟಿನ ಸಾಂದ್ರತೆ 2.71, ಸ್ಫಟಿಕಶಿಲೆಯದು 2.65, ಹೆಚ್ಚುಕಡಿಮೆ ಒಂದೇ. ಆದರೂ ಕ್ಯಾಲ್ಸಿಯಂ ಎಕ್ಸ್‌ರೇಯನ್ನು ಜಾಸ್ತಿ ಹೀರುವುದರಿಂದ ಬೆಳ್ಳಗೆ ಬರುತ್ತದೆ.

ಎರಡನೇ ಕಾರಣ ಗಾತ್ರ. ಮೈಕ್ರೋ ಸಿಟಿಯಲ್ಲಿ, ಅಂದರೆ ಸಣ್ಣ ವಸ್ತುಗಳನ್ನು ಸೂಕ್ಷ್ಮವಾಗಿ ನೋಡುವ ಸಿಟಿಯಲ್ಲಿ, ಚಿತ್ರದ ಒಂದು ಕಣದ ಅಳತೆ ಎಷ್ಟೆಂದು ಲೆಕ್ಕ ಹಾಕುವುದು ಸುಲಭ: ಮಾದರಿಯ ಅಗಲವನ್ನು ಡಿಟೆಕ್ಟರಿನ ಸಾಲಿನಲ್ಲಿರುವ ಪಿಕ್ಸೆಲ್‌ಗಳಿಂದ ಭಾಗಿಸಿ. 100 ಮಿಲಿಮೀಟರ್ ಅಗಲದ ತುಂಡು, 2000 ಪಿಕ್ಸೆಲ್, ಅಂದರೆ 50 ಮೈಕ್ರಾನ್ (ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್). ಬೆಳವಣಿಗೆಯ ಉಂಗುರ ಇಷ್ಟಕ್ಕೇ ಕಾಣಬಹುದು. ಆದರೆ ಸೂಚಿಪರ್ಣಿ ಮರಗಳ ಕೋಶಗಳ ಅಗಲವೇ 20ರಿಂದ 50 ಮೈಕ್ರಾನ್, ಅವು ಕಾಣುವುದಿಲ್ಲ. ಕೋಶ ಬೇಕೆಂದರೆ ಬೆರಳ ತುದಿಯಷ್ಟು ಜಾಗಕ್ಕೆ ಮಾತ್ರ ಗಮನ ಕೊಡಿ ಎಂದು ಕೇಳಬೇಕು. ಮರದ ಜಾತಿ ಗುರುತಿಸುವುದೇ ಗುರಿಯಾದರೆ, 30 ಮೈಕ್ರಾನಿಗೆ ತೇಯ್ದ ತೆಳು ಸೀಳಿಗೆ ಪೂರ್ತಿ ಬದಲಿ ಇನ್ನೂ ಇಲ್ಲ. ಆಗ ಹಿಂದೆ ಯಾರಾದರೂ ಸೀಳು ತೆಗೆದಿದ್ದಾರಾ ಎಂದು ಮೊದಲು ರಿಜಿಸ್ಟರ್ ಹುಡುಕಿ. ಎಷ್ಟೋ ಸಲ ಸ್ಲೈಡ್ ಬೇರೆ ಡ್ರಾಯರಿನಲ್ಲಿ ಕೂತಿರುತ್ತದೆ.

ಆಸ್ಪತ್ರೆಯ ಸಿಟಿಯಲ್ಲಿ ಮಾಡಿಸುವುದಾದರೆ ಮೂರು ಮಾತು ಮೊದಲೇ ಕೇಳಿ. ವೋಲ್ಟೇಜ್ ಇರುವುದರಲ್ಲಿ ಗರಿಷ್ಠ, ಸಾಮಾನ್ಯವಾಗಿ 140 ಕೆವಿ ಇಡಲು ಹೇಳಿ. ಚಿತ್ರದ ಒಂದೊಂದು ಪದರದ ದಪ್ಪ ಅತಿ ಕಡಿಮೆ, 0.6 ಮಿಲಿಮೀಟರ್ ಆಸುಪಾಸು. ಮೂರನೆಯದು ಅಳತೆಗೋಲು. ವಸ್ತು ಎಕ್ಸ್‌ರೇಯನ್ನು ಎಷ್ಟು ಹೀರುತ್ತದೆ ಎಂಬುದನ್ನು ಆಸ್ಪತ್ರೆಯ ಯಂತ್ರ ಸಾಮಾನ್ಯವಾಗಿ 3071ರವರೆಗೆ ಮಾತ್ರ ಎಣಿಸುತ್ತದೆ, ನೀರು ಅಂದರೆ 0. ಸ್ಫಟಿಕಶಿಲೆ 2000 ಆಸುಪಾಸು ಬರುತ್ತದೆ, ಪೈರೈಟ್ ಮಿತಿ ದಾಟಿಬಿಡುತ್ತದೆ. ಮಿತಿ ದಾಟಿದ್ದೆಲ್ಲ ಒಂದೇ ಬಿಳುಪು. ವಿಸ್ತರಿಸಿದ ಅಳತೆಗೋಲಿನ ಆಯ್ಕೆ ಇದೆಯಾ ಎಂದು ವಿಚಾರಿಸಿ. ತುಂಬ ದಪ್ಪದ ಸಿಲಿಕಾ ಕಾಂಡವನ್ನು ಈ ಯಂತ್ರದ ಕಿರಣ ಸರಿಯಾಗಿ ದಾಟಲಾರದು, ಆಗ ಕೈಗಾರಿಕೆಯವರು ಎರಕದ ಭಾಗ ಪರೀಕ್ಷಿಸುವ ಹೆಚ್ಚು ಶಕ್ತಿಯ ಸಿಟಿ ಹುಡುಕಬೇಕು.

ಚಿತ್ರದಲ್ಲಿ ಬೆಳ್ಳನೆ ಅಂಚು, ನಕ್ಷತ್ರದಂಥ ಗೆರೆ, ಉಂಗುರ

ಅಂಚು ಬೆಳ್ಳಗೆ, ನಡು ಕಪ್ಪಗೆ ಕಂಡರೆ "ತಿರುಳು ಕೊಳೆತಿದೆ" ಎಂದು ವರದಿ ಬರೆದುಬಿಡುವವರಿದ್ದಾರೆ. ನಿಲ್ಲಿ. ಎಕ್ಸ್‌ರೇಯ ಕಡಿಮೆ ಶಕ್ತಿಯ ಭಾಗವೆಲ್ಲ ಹೊರಪದರದಲ್ಲೇ ಹೀರಿಹೋಗಿ, ಬಲವಾದದ್ದು ಮಾತ್ರ ಒಳಗೆ ತಲುಪಿದಾಗ ಹೀಗೆ ಕಾಣುತ್ತದೆ. ಪರೀಕ್ಷೆ ಸುಲಭ: ಕಪ್ಪು ಭಾಗ ಮಾದರಿಯ ಹೊರ ಆಕಾರವನ್ನೇ ಅನುಸರಿಸಿದರೆ ಅದು ಯಂತ್ರದ್ದು. ಬೆಳವಣಿಗೆಯ ಉಂಗುರವನ್ನು ಅನುಸರಿಸಿದರೆ ಮರದ್ದು. ಕಿರಣದ ಮುಂದೆ ಅರ್ಧದಿಂದ ಒಂದು ಮಿಲಿಮೀಟರ್ ತಾಮ್ರದ ಹಾಳೆ ಹಾಕಿ ಮತ್ತೆ ತೆಗೆಸಿ, ಯಂತ್ರದ್ದಾದರೆ ಬಹಳ ಮಟ್ಟಿಗೆ ಮಾಯವಾಗುತ್ತದೆ.

ಬಿಳಿ ಚುಕ್ಕೆಯಿಂದ ನಕ್ಷತ್ರದಂತೆ ಹೊರಡುವ ಗೆರೆ ಪೈರೈಟಿನದು. ಅಷ್ಟೇ ದಪ್ಪದ ಸ್ಫಟಿಕಶಿಲೆಗಿಂತ ಅದು ಐದಾರು ಪಟ್ಟು ಹೀರುತ್ತದೆ. ಈ ಗೆರೆಗಳನ್ನು ಬಿರುಕು ಎಂದು ಎಣಿಸಬೇಡಿ. ಒಂದೇ ಕೇಂದ್ರದ ಸುತ್ತ ಪೂರ್ತಿ ಗುಂಡಗಿನ ಉಂಗುರ ಕಂಡರೆ, ಆ ಕೇಂದ್ರ ಯಂತ್ರ ತಿರುಗುವ ಅಕ್ಷವಾ ನೋಡಿ. ಹೌದಾದರೆ ಡಿಟೆಕ್ಟರಿನ ದೋಷ. ನಿಜವಾದ ಮರದ ಉಂಗುರ ಅಷ್ಟು ಪೂರ್ತಿ ಗುಂಡಗೆ ಇರುವುದಿಲ್ಲ. ಎಲ್ಲ ಅಂಚೂ ಎರಡೆರಡಾಗಿ ಕಂಡರೆ ಮಾದರಿ ಅಲುಗಿದೆ. ಮೃದುವಾದ ಸ್ಪಂಜಿನಲ್ಲಿ ಕೂರಿಸಿ, ಉದ್ದದ ತುಂಡನ್ನು ನೆಟ್ಟಗೆ ನಿಲ್ಲಿಸಿ ಮತ್ತೆ ಮಾಡಿಸಿ.

ಪ್ರಯೋಗಾಲಯದವರಿಂದ ಸುಂದರ ಚಿತ್ರವಷ್ಟೇ ತರಬೇಡಿ. ಮೂಲ ದತ್ತಾಂಶ, ವೋಲ್ಟೇಜ್, ಫಿಲ್ಟರ್, ಕಣದ ಅಳತೆ ಎಲ್ಲವನ್ನೂ ಬರೆಸಿಕೊಂಡು ಮಾದರಿಯ ಸಂಖ್ಯೆಯ ಜೊತೆ ಇಡಿ. ಎಕ್ಸ್‌ರೇ ಉಪಕರಣ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಇರುವ ಕಡೆ, ತರಬೇತಾದವರ ಕೈಯಲ್ಲೇ ನಡೆಯಬೇಕು. ಯಾವುದೋ ಹಳೆಯ ಎಕ್ಸ್‌ರೇ ಟ್ಯೂಬ್ ಸಿಕ್ಕಿತೆಂದು ಸ್ಟೋರಿನಲ್ಲಿ ಜೋಡಿಸಬೇಡಿ.

ಸಿಟಿಯಲ್ಲಿ ಕಾಣದ್ದು ಇನ್ನೆಲ್ಲಿ ಕಾಣಬಹುದು?

ಎರಡು ದಾರಿ ಇವೆ, ಎರಡೂ ದೊಡ್ಡವು. ಇಂದೋರಿನ ಇಂಡಸ್-2ರಂಥ ಸಿಂಕ್ರೊಟ್ರಾನ್‌ನಲ್ಲಿ (ಬಹಳ ತೀಕ್ಷ್ಣ ಎಕ್ಸ್‌ರೇ ಹೊರಡಿಸುವ ದೊಡ್ಡ ಯಂತ್ರ) ಹಂತ-ವ್ಯತ್ಯಾಸದ, ಅಂದರೆ ಎಕ್ಸ್‌ರೇ ಅಲೆ ಎಷ್ಟು ಹಿಂದುಮುಂದಾಯಿತು ಎಂದು ತೋರಿಸುವ, ಚಿತ್ರ ತೆಗೆದರೆ, ಸಾದಾ ಸಿಟಿಯಲ್ಲಿ ಒಂದೇ ಬೂದಾಗಿ ಕಂಡ ಗೋಡೆ ಮತ್ತು ಟೊಳ್ಳಿನ ಗಡಿ ಎದ್ದು ಬರಬಹುದು. ನ್ಯೂಟ್ರಾನ್ ಚಿತ್ರಣ ಇನ್ನೊಂದು. ನ್ಯೂಟ್ರಾನ್ ಜಲಜನಕವನ್ನು ಚೆನ್ನಾಗಿ ಹಿಡಿಯುತ್ತದೆ. ಆದ್ದರಿಂದ ಲಿಗ್ನೈಟ್, ಒಳಗಿನ ತೇವ, ಹಳೆಯ ಅಂಟು ಎಲ್ಲಿಯವರೆಗೆ ಇಳಿದಿದೆ ಎಂಬುದು ಅದಕ್ಕೆ ಕಾಣುತ್ತದೆ. ಆದರೆ ಮಾದರಿಯ ಕೆಲವು ಧಾತುಗಳು ನ್ಯೂಟ್ರಾನ್ ತಾಕಿ ಸ್ವಲ್ಪ ಕಾಲ ವಿಕಿರಣಶೀಲವಾಗುತ್ತವೆ. ಮಾದರಿ ಅಲ್ಲೇ ಕೆಲ ದಿನ, ಕೆಲವೊಮ್ಮೆ ಬಹಳ ಕಾಲ ಉಳಿಯಬೇಕಾಗಬಹುದು. ಕೊಬಾಲ್ಟ್, ಯುರೋಪಿಯಂ ಇದ್ದರೆ ಇನ್ನೂ ತಡ. ಕಳಿಸುವ ಮೊದಲು ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್‌ನಿಂದ (ಎಕ್ಸ್‌ರೇ ಬಿಟ್ಟು ಧಾತು ಗುರುತಿಸುವ ಉಪಕರಣ) ಮೇಲ್ಮೈಯ ಧಾತುಗಳನ್ನು ನೋಡಿಸಿ. ಮಾದರಿಯ ಕಾಲವನ್ನು ಮುಂದೆ ವಿಕಿರಣದ ಗುರುತಿನಿಂದ ಅಳೆಯುವ ಯೋಚನೆ ಇದ್ದರೆ, ಈ ಯಾವ ಕಿರಣವನ್ನೂ ಬಿಡುವ ಮುಂಚೆ ಆ ತಜ್ಞರನ್ನು ಕೇಳಿ. ಕಿರಣ ಬಿದ್ದ ಮೇಲೆ ಆ ಅಳತೆ ನಂಬುವಂತಿರುವುದಿಲ್ಲ.

ಗೈಗರ್ ಕೌಂಟರ್ ಟಿಕ್ ಟಿಕ್ ಎನ್ನುತ್ತಿದೆ

ಕೊಳೆಯುವ ಮರ ನೆಲದಡಿಯ ನೀರಿನಿಂದ ಯುರೇನಿಯಂ ಹಿಡಿದಿಡುತ್ತದೆ. ಅಮೆರಿಕದ ಕೊಲರಾಡೋ ಪ್ರಸ್ಥಭೂಮಿಯ ಕೆಲವು ಕಲ್ಲುಮರಗಳನ್ನು ಯುರೇನಿಯಂ ಅದಿರಾಗಿಯೇ ಅಗೆದಿದ್ದಾರೆ. ಹಳೆಯ ಸಂಗ್ರಹಗಳಿಗೆ ವಿನಿಮಯದಲ್ಲಿ ಅಂಥ ತುಂಡು ಬಂದಿರಬಹುದು. ಹಳದಿ ಅಥವಾ ಹಸಿರು ಪೊರೆ, ಯುವಿಯಲ್ಲಿ ಕಡು ಹಸಿರು ಹೊಳಪು ಇದರ ಸೂಚನೆ. ವಿಭಾಗದಲ್ಲಿ ವಿಕಿರಣ ಎಣಿಸುವ ಗೈಗರ್ ಕೌಂಟರ್ ಇದ್ದರೆ ಖಾಲಿ ಕೋಣೆಯ ಎಣಿಕೆ ಮೊದಲು ಬರೆದುಕೊಂಡು, ಆಮೇಲೆ ಮಾದರಿಯ ಹತ್ತಿರ ಹಿಡಿದು ಹೋಲಿಸಿ.

ಎಣಿಕೆ ಸ್ಪಷ್ಟವಾಗಿ ಜಾಸ್ತಿ ಇದ್ದರೆ ಮುಚ್ಚಿದ ಬೀರುವಿನಲ್ಲಿ ಯುರೇನಿಯಂನಿಂದ ಹುಟ್ಟುವ ವಿಕಿರಣಶೀಲ ರೇಡಾನ್ ಅನಿಲ ಸೇರಿರಬಹುದು. ಬಾಗಿಲು ತೆರೆದು, ಕಿಟಕಿಗಳನ್ನೂ ತೆಗೆದು, ಗಾಳಿಯಾಡುವವರೆಗೆ ಹೊರಗಿರಿ. ಪೊರೆಯನ್ನು ಒರೆಸಬೇಡಿ, ಮಾದರಿ ಮುಟ್ಟಿದ ಕೈಯಲ್ಲಿ ತಿನ್ನಬೇಡಿ. ಬೀರುವಿನ ಮೇಲೆ ಚೀಟಿ ಅಂಟಿಸಿ, ವಿದ್ಯಾರ್ಥಿಗಳ ಪ್ರಾಯೋಗಿಕ ತರಗತಿಯ ಪಟ್ಟಿಯಿಂದ ಅದನ್ನು ತೆಗೆಯಿರಿ. ವಿಕಿರಣ ಸುರಕ್ಷತಾ ಅಧಿಕಾರಿ ಬಂದು ಅಳೆಯುವವರೆಗೆ ಆ ಮಾದರಿಯನ್ನು ಕೊರಿಯರ್‌ನಲ್ಲಿ ಎಲ್ಲಿಗೂ ಕಳಿಸುವಂತಿಲ್ಲ, ಸ್ಕ್ಯಾನ್‌ಗೂ ಕೂಡ.